ನಾಲ್ಕನೇ ಮಹಡಿಯ ವಾಸನೆ

ಸೆತ್ಸುಯೊಳ ಕಾಲಿಗೆ ಚಕ್ರ ಕಟ್ಟಿತ್ತು. ಡಬ್ಬಿ ಊಟದ ಕಾರ್ಖಾನೆ, ಬಂದರಿನ ಉಗ್ರಾಣ, ವೃದ್ಧಾಶ್ರಮ, ಯಾವ ಕೆಲಸದಲ್ಲೂ ಅವಳು ನಿಂತವಳಲ್ಲ. ಕೇಳಿದರೆ, ಅಲ್ಲಿ ಏನೋ ಒಂಥರಾ ವಾಸನೆ ಅನ್ನುವಳು. ಗಂಡನ ಮನೆಯನ್ನೂ ಹಾಗೆಯೇ ಬಿಟ್ಟಳು. ಐವತ್ತರ ಹತ್ತಿರ ಬಂದರೂ ಮೋಜಿ ಎಂಬ ಬಂದರು ಪಟ್ಟಣದೊಳಗೇ ಬಾಡಿಗೆ ಮನೆ ಬದಲಿಸುತ್ತಿದ್ದಳು. ಬರುವ ಭಾನುವಾರ ಮತ್ತೊಂದು ಮನೆ. ಸಾಮಾನು ಹೊತ್ತು ಹೊತ್ತು ಮಗಳು ಚಿಜುರುವಿಗೆ ರೋಸಿಹೋಗಿತ್ತು.

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಊರಲ್ಲಿರೋ ಮನೆಗಳೆಲ್ಲ ನಾರುತ್ವೇನಮ್ಮಾ?"

"ನಿನ್ ಮೂಗು ನಿಮ್ಮಪ್ಪಂದು. ನಿಂಗೇನ್ ಗೊತ್ತಾಗುತ್ತೆ ಸುಮ್ನಿರು."

ಇಂಥವಳಿಗೆ ಕೊನೆಗೂ ಹಿಡಿಸಿದ ಕೆಲಸ ವಾಸನೆ ತೆಗೆಯುವುದು! ಬೆಂಕಿ ಬಿದ್ದ ಮನೆ, ನೀರು ನುಗ್ಗಿದ ಮನೆ, ಯಾರೋ ಒಂಟಿಯಾಗಿ ತೀರಿಕೊಂಡ ಮನೆ, ಇವನ್ನೆಲ್ಲ ತೊಳೆದು ಮತ್ತೆ ಬಾಳುವಂತೆ ಮಾಡುವ ಕಂಪನಿಯೊಂದು ಅವಳನ್ನು ತರಬೇತಿಗೆ ಸೇರಿಸಿಕೊಂಡಿತು. ಮೊದಲ ಪರೀಕ್ಷೆಯಲ್ಲಿ ವಾಸನೆಯ ಮೂಲ ಹುಡುಕುವ ಮೊದಲೇ ಗಡಿಬಿಡಿಯಿಂದ ವಾಸನೆ ಕೊಲ್ಲುವ ಓಝೋನ್ ಯಂತ್ರ ಹಚ್ಚಿ ಫೇಲಾದಳು. ಈ ಸಲವೂ ಫೇಲಾದರೆ ಕೆಲಸವಿಲ್ಲ. ಬಿಟ್ಟು ಹೋಗಲು ಮನಸ್ಸೇ ಬಾರದ ಮೊದಲ ಕೆಲಸ ಅದು, ಅದಕ್ಕೇ ಅವಳಿಗೆ ಭಯ.

ಪರೀಕ್ಷೆ ನಡೆದದ್ದು ಹಳೆಯ ವಸತಿ ಕಟ್ಟಡವೊಂದರ ನಾಲ್ಕನೇ ಮಹಡಿಯ ಖಾಲಿ ಮನೆಯಲ್ಲಿ. ಮೇಷ್ಟ್ರು ಇಸೊಗಾಯ್ ಅಲ್ಲೆಲ್ಲೋ ಕೊಳೆತ ಬಂಗಡೆ ಮೀನಿನ ನೀರು ಚೆಲ್ಲಿಟ್ಟಿದ್ದರು. ಅದನ್ನು ಪತ್ತೆಹಚ್ಚಿ, ತೆಗೆದು, ಕೊನೆಗೆ ವಾಸನೆ ಹೋಯಿತೋ ಇಲ್ಲವೋ ಬಾಯಿಬಿಟ್ಟು ಹೇಳಬೇಕು. ಉಳಿದದ್ದನ್ನು ಹೋಯಿತೆಂದರೂ ಫೇಲು, ಹೋದದ್ದನ್ನು ಇದೆಯೆಂದರೂ ಫೇಲು. ತರಬೇತಿಗೆ ಅವಳೊಡನೆ ಸೇರಿ ಹಿಂದಿನ ಸಲವೇ ಪಾಸಾಗಿದ್ದ ಮುನೆಯೋಶಿ ಯಂತ್ರ ಹೊರಲು ಜೊತೆಗೆ ಬಂದಿದ್ದ.

ಕಿಟಕಿಯ ಬಳಿ ನೆಲಕ್ಕೆ ಹಾಸಿದ್ದ ತತಾಮಿ ಹುಲ್ಲುಚಾಪೆ ಎತ್ತಿದ್ದೇ ಮೀನು ಮೂಗಿಗೆ ಬಡಿಯಿತು. ಸೆತ್ಸುಯೊ ಅಡಿಯ ಹಲಗೆಯನ್ನು ಒರೆಸಿ, ಔಷಧಿ ಹಾಕಿ ಉಜ್ಜಿ, ಒಣಗಿಸಿದಳು. ಯಂತ್ರ ಹಚ್ಚಿಟ್ಟು ಎಲ್ಲರೂ ಮೆಟ್ಟಿಲ ಮೇಲೆ ಕೂತು ಅನ್ನದುಂಡೆ ತಿಂದರು. ಆಮೇಲೆ ಕಿಟಕಿ ಬಾಗಿಲು ತೆರೆದು ಗಾಳಿ ಆಡಿಸಿ, ಮತ್ತೆ ಮುಚ್ಚಿದರು. ಒಳಗೆ ಹೋದರೆ ಮತ್ತೆ ಅದೇ ಮೀನು.

"ಇನ್ನೂ ಇದೆ."

"ನಂಗೇನೂ ಬರ್ತಿಲ್ಲಪ್ಪ," ಎಂದ ಮುನೆಯೋಶಿ, ಗೋಡೆಗೊರಗಿ.

"ಬೆಳಗ್ಗಿಂದ ಇದೇ ವಾಸನೇಲಿ ಇದ್ದೀಯ. ನಿನ್ ಮೂಗು ಆಗ್ಲೇ ಮಲಗಿದೆ."

ಮೂಗು ಒಂದೇ ಕಡೆ ಇದ್ದರೆ ಮಂಕಾಗುತ್ತದೆ, ಹೊರಗೆ ಹೋಗಿ ಬರಬೇಕು ಎಂದು ಮೇಷ್ಟ್ರೇ ಕಲಿಸಿದ್ದರು. ಅವಳಿಗೆ ಅಷ್ಟೇ ಸಾಕಾಯಿತು. ಹೊರಗಿನ ಪಡಸಾಲೆಯಲ್ಲಿ ಜಲಸಂಧಿಯ ಗಾಳಿ ಭರ್ರನೆ ಬೀಸುತ್ತಿತ್ತು. ಅಲ್ಲಿ ಏನೂ ನಾರಲಿಲ್ಲ. ಉಸಿರು ತುಂಬಿಕೊಂಡು ಒಳಗೆ ಬಂದಳು, ಮೀನು. ಗೋಡೆ ಮೂಸಿದಳು, ಮೋರಿ ಮೂಸಿದಳು, ಬೀರುವಿನೊಳಗೆ ತಲೆ ತೂರಿಸಿದಳು. ಮತ್ತೆ ಹೊರಗೆ, ಮತ್ತೆ ಒಳಗೆ.

"ಬಾಲ ಸುಟ್ಟ ಬೆಕ್ಕಿನ ಹಾಗೆ ತಿರುಗ್ತೀರಲ್ಲ ಸೆತ್ಸುಯೊ-ಸಾನ್! ಒಂದ್ಗಳಿಗೆ ಕೂತ್ಕೊಳಿ," ಎಂದ ಮುನೆಯೋಶಿ.

"ಮನೇನೇ ಸರಿ ಇಲ್ಲ ಇದು. ಎಲ್ಲಾ ಚಾಪೆನೂ ಕೀಳ್ಬೇಕು."

ಬಾಗಿಲಲ್ಲಿ ನಿಂತಿದ್ದ ಇಸೊಗಾಯ್ ಕೆಮ್ಮಿದರು. "ಕೀಳೋ ಮೊದ್ಲು ಯೋಚ್ನೆ ಮಾಡಿ. ಹೊತ್ತಾಯ್ತು, ಉತ್ತರ ಹೇಳಿ."

"ಒಂದೇ ಒಂದ್ಸಲ ಹೊರಗೆ ಹೋಗ್ಬರ್ತೀನಿ, ಸೆನ್ಸೇ."

ಅಷ್ಟರಲ್ಲಿ ಗಾಳಿ ನಿಂತಿತ್ತು. ಒಣಹಾಕಿದ ಬಟ್ಟೆಗಳು ಅಲುಗುತ್ತಿರಲಿಲ್ಲ. ಅಲ್ಲೂ ಮೀನು! ಒಂದು ಮಹಡಿ ಇಳಿದಳು, ಮೀನು. ಇನ್ನೊಂದು ಇಳಿದಳು, ಅಲ್ಲೂ ಬಂತು. ಅವಳ ಕಾಲುಗಳು ನಿಂತವು. ಕೈ ತಾನಾಗಿ ಕೊರಳಿಗೆ ಹೋಯಿತು. ಬೆವರಿಗೆಂದು ಸುತ್ತಿಕೊಂಡಿದ್ದ ಟವೆಲು. ಹಲಗೆ ಒರೆಸಿದ ಕೈಯನ್ನು ಅದಕ್ಕೇ ಒರೆಸಿ, ಮತ್ತೆ ಕೊರಳಿಗೇ ಸುತ್ತಿಕೊಂಡಿದ್ದಳು.

ಟವೆಲನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಬಾಯಿ ಕಟ್ಟಿದಳು. ಹಾಗೇ ಮೆಟ್ಟಿಲ ಮೇಲೆ ನಿಂತಳು. ಕಾರ್ಖಾನೆ, ಉಗ್ರಾಣ, ಆ ಬಾಡಿಗೆ ಮನೆಗಳೆಲ್ಲ ಒಂದೊಂದಾಗಿ ನೆನಪಾದವು. ಗಂಡನ ಮನೆಯ ಅಡುಗೆಮನೆಗೆ ಬೆಳಗಿನ ಬಿಸಿಲು ಎಷ್ಟು ಚೆನ್ನಾಗಿ ಬರುತ್ತಿತ್ತು. ಅವಳಿಗೆ ಅಳು ಬಂತು.

ಕೈ, ಕೊರಳು ತೊಳೆದು ಮೇಲೆ ಹೋಗಿ ಆಳವಾಗಿ ಉಸಿರೆಳೆದಳು. ಒಣ ಹುಲ್ಲಿನ ಚಾಪೆ, ಅಷ್ಟೇ.

"ಮನೇಲಿ ಏನೂ ಇಲ್ಲ, ಸೆನ್ಸೇ. ನನ್ ಮೈಮೇಲಿತ್ತು."

"ನಾನೂ ಟವೆಲನ್ನೇ ನೋಡ್ತಾ ಇದ್ದೆ," ಎಂದರು ಇಸೊಗಾಯ್. "ಪಾಸು. ಈಗಾದ್ರೂ ಕೂತ್ಕೊಳಿ."

ಸೆತ್ಸುಯೊ ಕೂತಳು. ಮುನೆಯೋಶಿ ಕೊಟ್ಟ ಚಹಾ ಕುಡಿದು ಮಗಳಿಗೆ ಫೋನು ಹಚ್ಚಿದಳು.

"ಭಾನುವಾರ ಸಾಮಾನು ಹೊರೋಕೆ ಬರ್ಬೇಡ, ಚಿಜುರು."

"ಯಾಕೆ? ಈಗಿರೋ ಮನೆ ನಾರುತ್ತೆ ಅಂದಿದ್ಯಲ್ಲ?"

ಸೆತ್ಸುಯೊ ಟವೆಲಿನ ಚೀಲದ ಗಂಟನ್ನು ಇನ್ನೊಮ್ಮೆ ಬಿಗಿದಳು.

"ಮನೇದೇನೂ ತಪ್ಪಿಲ್ಲ ಕಣೇ," ಎಂದಳು. "ಊಟಕ್ಕೆ ಬಾ."