ಚಂದಕ್ಕ ಕೇಳದೆ ಬಿಟ್ಟ ಚಂದಾ

ಬಟ್ಟೆ ಹೊಲಿಯುವ ಆ ಕಾರ್ಖಾನೆಯಲ್ಲಿ ಆಕೆಯನ್ನು ಎಲ್ಲರೂ ಚಂದಕ್ಕ ಎಂದೇ ಕರೆಯುತ್ತಿದ್ದರು. ಹೊಸದಾಗಿ ಸೇರಿದ ಹುಡುಗಿಯರು ಆಕೆಯ ಉಬ್ಬುಹಲ್ಲನ್ನೂ ನರೆತ ಕೂದಲನ್ನೂ ನೋಡಿ, "ಇದ್ಯಾವ ಸೀಮೆ ಚಂದವೇ?" ಎಂದು ಪಿಸುಗುಟ್ಟಿದರೆ ಹಳಬರು ನಗುತ್ತಿದ್ದರು. "ಚಂದ ಮುಖದಲ್ಲಲ್ಲ ಕಣೇ, ಡಬ್ಬಿಯಲ್ಲಿ. ಸಂಬಳದ ದಿನ ಬರಲಿ, ಗೊತ್ತಾಗುತ್ತೆ."

ಗುಂಡಿಗೆ ಕಾಜಾ ಹೊಲಿಯುವುದು ಆಕೆಯ ಕೆಲಸ. ಅದರ ಜೊತೆಗೆ ಕಾರ್ಮಿಕರ ಸಂಘಕ್ಕೆ ಚಂದಾ ಎತ್ತುವ ಹೊಣೆಯೂ ಆಕೆಯದೇ. ಸಂಬಳದ ದಿನ ಊಟದ ಬಿಡುವಿನಲ್ಲಿ ತಗಡಿನ ಡಬ್ಬಿಯನ್ನು ಗಲಗಲ ಅಲ್ಲಾಡಿಸುತ್ತ ಯಂತ್ರಗಳ ಸಾಲಿನಲ್ಲಿ ಬರುತ್ತಿದ್ದಳು.

"ಬಂದಳಪ್ಪ! ಮನೆಯಲ್ಲಿ ಗಂಡ ಕಿತ್ಕೋತಾನೆ, ಇಲ್ಲಿ ನೀನು."

"ನಿನ್ನ ಗಂಡ ರಸೀದಿ ಕೊಡ್ತಾನೇನೆ? ನಾನು ಕೊಡ್ತೀನಿ, ಹಾಕು!"

ಆದರೆ ಯಾರ ಮನೆಯಲ್ಲಿ ತಾಪತ್ರಯವಿದೆಯೋ ಅವರ ಮುಂದೆ ಹಾಯುವಾಗ ಚಂದಕ್ಕ ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿ, ಸದ್ದಾಗದಂತೆ ಎದೆಗೊತ್ತಿಕೊಂಡು ದಾಟಿಬಿಡುತ್ತಿದ್ದಳು. ಕೇಳಿ ನಾಚಿಸುವುದಕ್ಕಿಂತ ಕೇಳದಿರುವುದೇ ಮೇಲೆಂದು ನಂಬಿದ್ದಳು.

ಇಸ್ತ್ರಿ ವಿಭಾಗದಲ್ಲಿ ಅವಳು ತಂಗಿ ಎಂದು ಕರೆಯುವವಳೊಬ್ಬಳಿದ್ದಳು. ಒಡಹುಟ್ಟಿದವಳಲ್ಲ, ಚಂದಕ್ಕನ ಬೀದಿಯವಳು, ದಿನವೂ ಜೊತೆಗೆ ನಡೆದು ಬರುವವಳು. ಆ ತಂಗಿಯ ಗಂಡ ಹಾಸಿಗೆ ಹಿಡಿದಾಗ ಚಂದಕ್ಕ ಮೂರು ತಿಂಗಳು ಅವಳ ಬಳಿ ಚಂದಾ ಕೇಳಲಿಲ್ಲ. ಮೂರು ತಿಂಗಳು ತಪ್ಪಿದರೆ ಸದಸ್ಯತ್ವ ಹೋಗುತ್ತದೆಂಬ ನಿಯಮ ಗೊತ್ತಿಲ್ಲದ್ದೇನಲ್ಲ. ಮುಂದಿನ ಸಂಬಳದಲ್ಲಿ ಬಾಕಿಯನ್ನೆಲ್ಲ ತಾನೇ ಕಟ್ಟಿ ಹೆಸರು ಉಳಿಸಿದರಾಯಿತು ಎಂದುಕೊಂಡಿದ್ದಳು.

ಆ ಸಂಬಳ ಬರುವ ಮೊದಲೇ ಇಸ್ತ್ರಿ ಯಂತ್ರದ ಹಬೆಯ ಕೊಳವೆ ಒಡೆದು ತಂಗಿಯ ಬಲಗೈ ಬೆಂದಿತು. ಬೆರಳುಗಳು ಮುದುಡಿಹೋದವು. ತಪ್ಪು ಅವಳದೇ ಎಂದು ಮಾಲೀಕರು ಪರಿಹಾರವನ್ನೂ ಕೊಡದೆ ಕೆಲಸದಿಂದ ತೆಗೆದರು. ಇನ್ನು ಸಂಘವೇ ವಕೀಲರನ್ನು ಹಿಡಿದು ಹೋರಾಡಬೇಕು. ಆದರೆ ಸಂಘ ನಿಲ್ಲುವುದು ಸದಸ್ಯರ ಪರವಾಗಿ ಮಾತ್ರ.

ಚಂದಕ್ಕ ಸಂಘದ ಕಾರ್ಯದರ್ಶಿಯ ಬಳಿಗೆ ಓಡಿದಳು. ಆತ ಬಟ್ಟೆ ಕತ್ತರಿಸುವ ಮೇಜಿನ ಹಳಬ.

"ತಪ್ಪು ನಂದು ಅಣ್ಣ. ನಾನೇ ಕೇಳಲಿಲ್ಲ. ಮೂರು ತಿಂಗಳದ್ದೂ ತಗೊಳ್ಳಿ, ಬೇಕಾದ್ರೆ ದಂಡಾನೂ ಹಾಕಿ."

ಆತ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. "ಗಾಯ ಆದ ಮೇಲೆ ಕಟ್ಟಿದ್ರೂ ನಡೆಯುತ್ತೆ ಅಂದ್ರೆ ಮುಂಚೆ ಯಾರಮ್ಮ ಕಟ್ತಾರೆ? ಆಮೇಲೆ ವಕೀಲರಿಗೆ ಎಲ್ಲಿಂದ ತರೋಣ? ಹೋದ ವರ್ಷ ಇನ್ನೊಬ್ಬನಿಗೂ ಹೀಗೇ ಆಗಲ್ಲ ಅಂದೆ. ಅವನು ನನ್ನ ಸ್ವಂತ ಭಾವಮೈದ. ಇವತ್ತಿಗೂ ನನ್ನ ಹತ್ರ ಮಾತಾಡಲ್ಲ."

ಚಂದಕ್ಕ ಬಂದ ದಾರಿಯಲ್ಲೇ ಹಿಂದಿರುಗಿದಳು. ಆತ ಹೇಳಿದ್ದು ಸುಳ್ಳಲ್ಲ.

ಸಂಜೆ ತಂಗಿಯ ಮನೆಗೆ ಹೋದಾಗ ಅವಳು ಬಟ್ಟೆ ಸುತ್ತಿದ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು, ಎಡಗೈಯಲ್ಲಿ ಬೆಂಕಿಕಡ್ಡಿ ಗೀರಲು ಹೆಣಗುತ್ತಿದ್ದಳು. ಒಳಗಿನ ಕೋಣೆಯಲ್ಲಿ ಗಂಡ ಕೆಮ್ಮುತ್ತಿದ್ದ. ಚಂದಕ್ಕ ನಡೆದುದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದಳು.

ತಂಗಿ ಕಡ್ಡಿಯನ್ನು ಕೆಳಗಿಟ್ಟು ಕೇಳಿದಳು: "ಹಾಗಾದ್ರೆ ನೀನು ಬೇಕೂಂತಲೇ ದಾಟಿ ಹೋಗ್ತಿದ್ಯಾ ಅಕ್ಕ? ಸಂಘದಿಂದ ನನ್ನ ಹೆಸರು ತೆಗೆದುಬಿಟ್ರೇನೋ ಅಂದ್ಕೊಂಡೆ. ಬಾಯಿಬಿಟ್ಟು ಕೇಳೋಕೆ ನಾಚಿಕೆ ಆಯ್ತು."

"ನಿನ್ನ ಹತ್ರ ಇರಲ್ಲ ಅಂತ ನಾನು..."

"ಎರಡು ಸಲ ಇತ್ತು. ಮುಷ್ಟಿಯಲ್ಲಿ ಹಿಡ್ಕೊಂಡೇ ನಿಂತಿದ್ದೆ. ನೀನು ಈ ಕಡೆ ನೋಡಲೇ ಇಲ್ಲ."

ಚಂದಕ್ಕ ಬಿಕ್ಕಿ ಬಿಕ್ಕಿ ಅತ್ತಳು. ತಂಗಿ ಬೆಂಕಿಪೊಟ್ಟಣವನ್ನು ಅವಳತ್ತ ತಳ್ಳಿದಳು.

"ಅಳೋದು ಆಮೇಲೆ. ಒಲೆ ಹಚ್ಚು. ಅವರಿಗೆ ಹಸಿವಾಗಿದೆ."

ಚಂದಕ್ಕ ಒಲೆ ಹಚ್ಚಿದಳು. ಮಾರನೆಯ ದಿನವೂ ಕೆಲಸ ಬಿಟ್ಟೊಡನೆ ಆ ಮನೆಗೇ ಹೋದಳು, ಅದರ ಮರುದಿನವೂ. ತಂಗಿ ಬೇಡವೆನ್ನಲಿಲ್ಲ. ಮೊದಲಿನಂತೆ ಮಾತನ್ನೂ ಆಡಲಿಲ್ಲ.