ಕೆಚ್ಚಲಿನ ಟ್ಯೂಬು

ಅಕ್ಕನ ತೋರುಬೆರಳು ಹೋದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ಬಾದನಹಟ್ಟಿಯ ಅವಳ ಮನೆಯ ಎಮ್ಮೆ ಅವಳೊಬ್ಬಳ ಕೈಗೇ ಹಾಲು ಬಿಡುವುದು. ಬೇರೆ ಯಾರು ಕೂತರೂ ಒದೆಯುತ್ತದೆ. ಅದಕ್ಕೆ ಪದೇ ಪದೇ ಕೆಚ್ಚಲು ಬಾವು. ಕುರುಗೋಡಿನ ಪಶು ಡಾಕ್ಟರ ಹತ್ತಿರ ಕಾಯಬೇಕಲ್ಲ, ಭಾವನಿಗೆ ಅದು ಆಗುವುದಿಲ್ಲ. ಸಿರುಗುಪ್ಪಕ್ಕೆ ಹೋದಾಗೆಲ್ಲ, ಕೆಚ್ಚಲಿಗೆ ಏರಿಸುವ ಆ್ಯಂಟಿಬಯೋಟಿಕ್ ಟ್ಯೂಬು ತರುತ್ತಿದ್ದ. ಅಂಗಡಿಯವ ಚೀಟಿ ಕೇಳದೆ ಬಿಸ್ಕತ್ತು ಕೊಟ್ಟ ಹಾಗೆ ಕೊಡುತ್ತಿದ್ದ. ಬಾವು ಕೊಂಚ ಇಳಿದರೆ ಸಾಕು, ಉಳಿದ ಔಷಧಿ ದೇವರ ಗೂಡಿಗೆ. ಮುಂದಿನ ಸಲಕ್ಕೆ ಆಗುತ್ತದೆ ಎಂಬ ಜಾಣತನ.

ಹುಲ್ಲು ಕೊಯ್ಯುವಾಗ ಅಕ್ಕನ ಬೆರಳಿಗೆ ಕುಡುಗೋಲು ತಾಗಿತು. ಎಮ್ಮೆಗೆ ಆಗಲೂ ಬಾವು, ಹಾಲಿನಲ್ಲಿ ಕೀವು. ಗಾಯದ ಕೈಯಲ್ಲೇ ಹಿಂಡಿದಳು. ಬೆರಳು ಊದಿದಾಗ ಭಾವ ಗೂಡಿನಿಂದ ಅದೇ ಟ್ಯೂಬು ತೆಗೆದು ಸವರಿದ. ಫೋನಿನಲ್ಲಿ ನಾನು ಕೂಗಾಡಿದರೆ, "ಎಮ್ಮಿಗೆ ನಡಿಯೋ ಔಷಧಿ ಮನುಷ್ಯಾರಿಗೆ ನಡಿಯಂಗಿಲ್ಲೇನು?" ಎಂದ. ಎಮ್ಮೆಗೇ ಅದು ನಡೆಯುವುದು ನಿಂತಿತ್ತು. ಮಹಾರಾಯನಿಗೆ ಅದೂ ಕಾಣಲಿಲ್ಲ.

ಬೆರಳು ಕಪ್ಪಗಾದ ಮೇಲೆ ಅವಳನ್ನು ಬಳ್ಳಾರಿಗೆ, ಕೌಲ್ ಬಜಾರಿನ ನನ್ನ ಮನೆಗೆ ತಂದುಬಿಟ್ಟ. ನಾನೇ ಆಟೋದಲ್ಲಿ ಆಸ್ಪತ್ರೆಗೆ ಒಯ್ದೆ. ಕೀವಿನ ಪರೀಕ್ಷೆ ಆದ ಮೇಲೆ ಡಾಕ್ಟರಮ್ಮ, "ಮನ್ಯಾಗ ದನ ಅದಾವೇನು? ಅಲ್ಲಿಂದನ ಬಂದಿರಬೇಕು. ಈ ಕ್ರಿಮಿ ಅರ್ಧಂಬರ್ಧ ಔಷಧಿ ಉಂಡು ಪಳಗೈತಿ, ನಾವು ಕೊಟ್ಟಿದ್ದಕ್ಕೆಲ್ಲ ಬಗ್ಗವಲ್ದು. ಬೆರಳು ತೆಗೀಬೇಕು, ಇಲ್ಲಾಂದ್ರ ಕೈ ಹೋಗ್ತೈತಿ" ಎಂದರು.

ತೆಗೆದ ಮಾರನೆಯ ದಿನ ಭಾವ ಬಂದ. ಹೆಂಡತಿಯ ಮುಖ ನೋಡುವ ಮೊದಲೇ ಡಾಕ್ಟರಮ್ಮನನ್ನು ಕೇಳಿದ: "ಹಾಲು ಹಿಂಡಾಕ ಯಾವಾಗ ಆಗ್ತೈತ್ರಿ? ಎಮ್ಮಿ ಯಾರಿಗೂ ಬಿಡವಲ್ದು. ಮತ್ತ ಬಾವು ಬಂದೈತಿ."

"ಮತ್ತ ಅದ ಟ್ಯೂಬು ಏರ್ಸಿದ್ರೇನು?" ಎಂದೆ.

"ಹ್ಞೂಂ, ಗೂಡಿನಾಗ ಇತ್ತಲ್ಲ."

ಹಿರಿಯ, ಭಾವ ಎಂದು ನೋಡದೆ ಬಾಯಿಗೆ ಬಂದ ಹಾಗೆ ಬೈದೆ. ವಾರ್ಡಿನವರೆಲ್ಲ ತಿರುಗಿ ನೋಡಿದರು. ನಾಚಿಕೆಯೇನೂ ಆಗಲಿಲ್ಲ.

ಅಕ್ಕ ಪಟ್ಟಿ ಸುತ್ತಿದ ಕೈ ಎತ್ತಿದಳು. ಈಗಲಾದರೂ ಗಂಡನಿಗೆ ಒಂದು ಮಾತು ಹೇಳುತ್ತಾಳೆ ಅಂದುಕೊಂಡೆ.

"ನೀ ಸುಮ್ನಿರು," ಎಂದು ನನ್ನನ್ನೇ ತಡೆದಳು. "ಇನ್ನೊಂದು ಕೈ ಐತಲ್ಲ."

ಆಮೇಲೆ ಗಂಡನ ಕಡೆ ತಿರುಗಿ, ಎಮ್ಮೆ ಮೇವು ತಿನ್ನುತ್ತಿದೆಯೇ ಎಂದು ಕೇಳಿದಳು.