ಮಾಸ್ತರ ಸೋಮವಾರ

ಬಾದಾಮ್ಯಾಗ ನಮ್ಮ ಬಾಜೂ ಮನಿ ಮಾಸ್ತರು ಶ್ರಾವಣ ಸೋಮವಾರದ ಉಪವಾಸ ಒಮ್ಮಿನೂ ಬಿಟ್ಟವರಲ್ಲ. "ಹಲ್ಲಿಗೆ ಹತ್ತಲಾರದ್ದು ಉಪವಾಸ ಕೆಡಸೂದಿಲ್ಲ" ಅನ್ನೂದು ಅವರದ ಶಾಸ್ತ್ರ. ಅದಕ್ಕ ಎಲ್ಲಾನೂ ಮಿಕ್ಸರಿಗೆ ಹಾಕಿ ಕುಡಿಯೋರು. ಮೊದಲ ಕಲಾದಗಿ ಚಿಕ್ಕು, ಹಾಲು ಅಷ್ಟ ಇತ್ತು. ಆಮ್ಯಾಲ ಬಾಳಿಹಣ್ಣು, ಖರ್ಜೂರ, ಗೋಡಂಬಿ ಒಂದೊಂದ ಸೇರಿದ್ವು. ದೊಡ್ಡ ತಂಬಿಗಿ ಎತ್ತಿ ಗಟಗಟ ಕುಡದು, ಮೀಸಿ ಒರಸ್ಕೊಂಡು, "ಮುಂಜಾನಿಂದ ಏನೂ ತಿಂದಿಲ್ರಿ" ಅಂತ ಓಣಿಗೆಲ್ಲಾ ಕೇಳೂಹಂಗ ಅನ್ನೋರು.

ಒಂದ ಸೋಮವಾರ ಆ ಹಾಲಿನ್ಯಾಗ ಅಮೀನಗಡ ಕರದಂಟಿನ ದೊಡ್ಡ ತುಂಡ ಒಗದು ಮಿಕ್ಸರ್ ಚಾಲೂ ಮಾಡಿದ್ರು. ಕರದಂಟಿನ ಅಂಟು ಬ್ಲೇಡಿಗೆ ಸುತ್ಕೊಂಡು ಮಿಕ್ಸರ್ ಸುಟ್ಟಹೋತು. ಮುಚ್ಚಳ ಹಾರಿ ಹಾಲೆಲ್ಲಾ ಗ್ವಾಡಿ ಪಾಲಾತು. ಸಪ್ಪಳ ಕೇಳಿ ನಾ ಓಡಿಹೋದ್ರ, ಮಾಸ್ತರು ಖಾಲಿ ತಂಬಿಗಿ ಹಿಡ್ಕೊಂಡು ಕುಂತಿದ್ರು.

"ಏನಾತ್ರಿ ಸರ?"

"ಇವತ್ತ ಖರೇನ ಉಪವಾಸ ಬಿತ್ತಲ್ಲೋ ತಮ್ಮಾ!"